ರಾಜಕುಮಾರನ ನೆರಳು: 'ಪ್ರಿನ್ಸ್ ಆಫ್ ಪರ್ಷಿಯಾ' ಯಾಕೆ ಇನ್ನೂ ಕಾಡುತ್ತೆ?

ತೊಂಬತ್ತರ ದಶಕದಲ್ಲಿ ಬೆಳೆದ ನಮಗೆ 'ಪ್ರಿನ್ಸ್' ಅಂದ್ರೆ ಡಾಸ್ ಗೇಮ್. ಆದರೆ ಅದು ಹುಟ್ಟಿದ್ದು 1989ರಲ್ಲಿ, ಆಪಲ್ 2 ಎಂಬ ಆಗಲೇ ಮುದಿಯಾಗಿದ್ದ ಕಂಪ್ಯೂಟರ್ ಮೇಲೆ. 'ಕರಾಟೆಕಾ' ಮಾಡಿ ಗೆದ್ದಿದ್ದ ಜೋರ್ಡನ್ ಮೆಕ್ನರ್ ಇದಕ್ಕೆ ಸುಮಾರು ನಾಲ್ಕು ವರ್ಷ ಸುರಿದರು. ಎಲ್ಲರೂ ಹೊಗಳೋದು ಇದರ ಅನಿಮೇಶನ್ನನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು, ಆ ಅನಿಮೇಶನ್‌ಗಾಗಿ ತೆತ್ತ ಬೆಲೆ.

ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಫ್ರೇಮನ್ನು ಕಂಪ್ಯೂಟರಿಗೆ ಇಳಿಸಿದರು. ಹಾಗಾಗಿ ಈ ರಾಜಕುಮಾರನಿಗೆ ಮೈಭಾರ ಇದೆ. ಮಾರಿಯೋ ಥರ ಬಟನ್ ಒತ್ತಿದ ತಕ್ಷಣ ತಿರುಗಲ್ಲ. ಓಡುತ್ತಿದ್ದವನು ನಿಲ್ಲೋಕೂ ಒಂದೆರಡು ಹೆಜ್ಜೆ ಬೇಕು. ಕಂಟ್ರೋಲ್ ನಿಧಾನ ಅನ್ನೋ ದೂರು ನಿಜವೇ. ಆದರೆ ಗುಂಡಿಯ ಅಂಚಿನಲ್ಲಿ ಎದೆ ಝಲ್ಲೆನ್ನೋದು ಆ ನಿಧಾನದಿಂದಲೇ.

ಇಷ್ಟೆಲ್ಲ ಫ್ರೇಮುಗಳು ಮೆಮೊರಿಯನ್ನು ನುಂಗಿ ಹಾಕಿದ್ದವು. ಗೇಮಿನಲ್ಲಿ ಕಾದಾಟವೇ ಇರಲಿಲ್ಲ. ಸಹೋದ್ಯೋಗಿ ಟೋಮಿ ಪಿಯರ್ಸ್ ಮಾತ್ರ ಕಾದಾಟ ಬೇಕೇ ಬೇಕು ಅಂತ ಪಟ್ಟು ಹಿಡಿದಿದ್ದರು. ಇನ್ನೊಂದು ಪಾತ್ರಕ್ಕೆ ಜಾಗ ಎಲ್ಲಿದೆ? ಕೊನೆಗೆ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಅದರ ಮೇಲೇ ಎಕ್ಸ್‌ಓಆರ್ ಮಾಡಿದರು. ಮಿನುಗುವ ಒಂದು ಆಕೃತಿ ಎದ್ದು ನಿಂತಿತು: ನೆರಳುಮನುಷ್ಯ. ಆಮೇಲೆ ಹೇಗೋ ಜಾಗ ಹೊಂದಿಸಿ ಕಾವಲುಗಾರರನ್ನೂ ತಂದರು.

ಇದು ಬರೀ ಜಾಣ ಕೋಡಿಂಗ್ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಾಲ್ಕನೇ ಹಂತದಲ್ಲಿ ನೀವು ಕನ್ನಡಿ ಸೀಳಿಕೊಂಡು ಹಾರಿದಾಗ ನೆರಳು ಆಚೆ ಬರುತ್ತೆ. ಮುಂದೆ ನಿಮ್ಮ ಔಷಧಿ ಕುಡಿಯುತ್ತೆ, ದಾರಿ ತಪ್ಪಿಸುತ್ತೆ. ಹನ್ನೆರಡರಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತೆ. ಅದನ್ನು ಹೊಡೆದರೆ ಪೆಟ್ಟು ನಿಮಗೇ. ಕತ್ತಿ ಒಳಗಿಟ್ಟರೆ ಅದೂ ಇಡುತ್ತೆ, ಇಬ್ಬರೂ ಒಂದಾಗುತ್ತೀರಿ. ಅಲ್ಲಿಯವರೆಗೆ ಕಡಿದುಕೊಂಡೇ ಬಂದ ಆಟಗಾರನಿಗೆ ಇದನ್ನು ಒಂದೂ ಮಾತಿಲ್ಲದೆ ಕಲಿಸೋದು ಸಣ್ಣ ಸಾಧನೆಯಲ್ಲ.

ಕೊರತೆಯೂ ಇದೆ. ರಾಜಕುಮಾರಿಗೆ 60 ನಿಮಿಷ ಕಾಯೋದು ಬಿಟ್ಟರೆ ಹೆಚ್ಚೇನೂ ಕೆಲಸವಿಲ್ಲ. ದುಷ್ಟ ವಜೀರನಂತೂ ಹಳೇ ಸಿನಿಮಾದಿಂದ ಎದ್ದು ಬಂದವನು. ನೆರಳಿಗೆ ಸಿಕ್ಕಷ್ಟು ಯೋಚನೆ ಇವರಿಬ್ಬರಿಗೆ ಸಿಗಲಿಲ್ಲ.

ಡೇಟಾ ಸೈನ್ಸ್‌ನಲ್ಲಿ ನಾವು ಮಾಡೆಲ್ ಎಡವಿದರೆ ಮೊದಲು ಕೇಳೋದು ಇನ್ನಷ್ಟು ಮೆಮೊರಿ. ಮೆಕ್ನರ್‌ಗೆ ಆ ದಾರಿ ಇರಲಿಲ್ಲ. ಇದ್ದಿದ್ದರೆ ಪ್ರಾಯಶಃ ನೆರಳಿನ ಜಾಗದಲ್ಲಿ ಮತ್ತೊಬ್ಬ ಕಾವಲುಗಾರ ಇರುತ್ತಿದ್ದ. ಕಳೆದೇಹೋಗಿದ್ದ ಫ್ಲಾಪಿಗಳು ಸಿಕ್ಕಿ, 2012ರಲ್ಲಿ ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅಸೆಂಬ್ಲಿ ಬರದಿದ್ದರೂ ಪರವಾಗಿಲ್ಲ, ಒಮ್ಮೆ ಕಣ್ಣಾಡಿಸಿ. ಅದಕ್ಕೂ ಮೊದಲು ಗೇಮ್ ಆಡಿ, ಸಾಧ್ಯವಾದರೆ ಮನೆಯ ಮಕ್ಕಳ ಜೊತೆ.