ಮೊದಲು ಮೋಟರ್, ಆಮೇಲೆ ಬಲ್ಬು

ಮನೆಯನ್ನು ಸ್ಮಾರ್ಟ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ. ಬಣ್ಣ ಬದಲಿಸುವ ಬಲ್ಬು ಆಮೇಲೆ ಇರಲಿ, ಸಂಪಿನ ಮೋಟರಿನಿಂದ ಶುರು ಮಾಡಿ.

ಸಂಪು, ಓವರ್‌ಹೆಡ್ ಟ್ಯಾಂಕ್ ಇರುವ ಬೆಂಗಳೂರಿನ ಮನೆಗಳಲ್ಲಿ ಸುಲಭವಾಗಿ ಮರೆತುಹೋಗುವ ಕೆಲಸ ಮೋಟರ್ ಆರಿಸುವುದು. ಮೋಟರ್ ಹಾಕಿ ಒಳಗೆ ಬಂದು ಕುಕ್ಕರಿನ ಸೀಟಿ ಎಣಿಸುತ್ತ ನಿಂತರೆ ಮುಗಿಯಿತು. ಎದುರುಮನೆಯವರು "ಟ್ಯಾಂಕ್ ತುಂಬಿ ಹರೀತಿದೆ ನೋಡ್ರೀ" ಎಂದು ಕೂಗಿದಾಗಲೇ ನೆನಪು. ಸಂಪು ಬರಿದಾಗಿದ್ದರೆ ನಷ್ಟ ಇನ್ನೂ ದೊಡ್ಡದು. ನೀರಿಲ್ಲದೆ ತಿರುಗುವ ಪಂಪಿನ ಸೀಲ್ ಬಿಸಿಯೇರಿ ಹಾಳಾಗುತ್ತದೆ.

ನಮ್ಮ ಮನೆಯಲ್ಲಿ ಟ್ಯಾಂಕಿಗೊಂದು, ಸಂಪಿಗೊಂದು ಫ್ಲೋಟ್ ಸ್ವಿಚ್ ಇದೆ. ಮೇಲೆ ನೀರು ಇಳಿದಿದ್ದು, ಕೆಳಗೆ ನೀರಿದ್ದರೆ ಮಾತ್ರ ಮೋಟರ್ ಓಡುತ್ತದೆ. ಏನೇ ಆದರೂ ನಲವತ್ತು ನಿಮಿಷಕ್ಕೆ ನಿಲ್ಲುತ್ತದೆ. ಮೂರೇ ನಿಯಮ.

ಇಲ್ಲಿ ಹಲವರು ತಪ್ಪುವ ಜಾಗವೊಂದಿದೆ. 1 ಎಚ್.ಪಿ. ಮೋಟರ್ ಓಡುವಾಗ ಆರೇಳು ಆಂಪಿಯರ್ ಎಳೆದರೂ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 16 ಆಂಪಿಯರಿನ ಸ್ಮಾರ್ಟ್ ಪ್ಲಗ್ 2000 ವ್ಯಾಟಿನ ಗೀಸರಿಗೆ ಸಾಕು, ಮೋಟರಿಗೆ ಸಾಲದು. ಆ ಏಟಿಗೆ ಒಳಗಿನ ರಿಲೇ ಎಂಬ ಪುಟ್ಟ ಸ್ವಿಚ್ ಅಂಟಿಕೊಂಡರೆ, ಫೋನಿನಲ್ಲಿ ಆಫ್ ಒತ್ತಿದರೂ ಮೋಟರ್ ಓಡುತ್ತಲೇ ಇರುತ್ತದೆ. ನಡುವೆ ಕಾಂಟ್ಯಾಕ್ಟರ್, ಅಂದರೆ ಆ ಏಟು ತಡೆಯುವ ದೊಡ್ಡ ರಿಲೇ, ಹಾಕಿಸಿ. ಸ್ಮಾರ್ಟ್ ಸ್ವಿಚ್ ಅದರ ಕಾಯಿಲನ್ನಷ್ಟೇ ನಡೆಸಲಿ. ಈ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಇನ್ನು, ಇದನ್ನೆಲ್ಲ ನಡೆಸುವ ಮಿದುಳು ಮನೆಯೊಳಗೇ ಇರಬೇಕು. ಎಲ್ಲೋ ದೂರದ ಸರ್ವರನ್ನು ನೆಚ್ಚಿದರೆ ಇಂಟರ್ನೆಟ್ ಹೋದ ದಿನ ಟ್ಯಾಂಕೂ ತುಂಬುವುದಿಲ್ಲ. 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಓಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಿಯಮಗಳನ್ನು ಪಾಲಿಸುತ್ತದೆ. ಅದನ್ನೂ ರೌಟರನ್ನೂ ಯುಪಿಎಸ್‌ಗೆ ಸೇರಿಸಿ. ಹೊಸ ಸಾಧನ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತು ಇದೆಯೇ ನೋಡಿ. 2022ರಲ್ಲಿ ಬಂದ ಈ ಮಾನದಂಡದಿಂದಾಗಿ ಬೇರೆ ಬೇರೆ ಕಂಪನಿಗಳ ಸಾಧನಗಳು ಮನೆಯ ಜಾಲದೊಳಗೇ ಮಾತಾಡಿಕೊಳ್ಳುತ್ತವೆ.

ಗೋಡೆಯ ಸ್ವಿಚ್ಚನ್ನು ಮಾತ್ರ ಕೀಳಿಸಬೇಡಿ. ಆ್ಯಪ್ ಗೊತ್ತಿಲ್ಲದ ಅಜ್ಜಿ ಎಂದಿನಂತೆ ಕೈಯಿಂದಲೇ ಮೋಟರ್ ಹಾಕಿ ಆರಿಸುವಂತಿರಬೇಕು. ಮನೆಮಂದಿ ಹೊಸದಾಗಿ ಏನನ್ನೂ ಕಲಿಯದೆ ಸುಖಪಟ್ಟರೆ ಮಾತ್ರ ಆ ಮನೆ ಸ್ಮಾರ್ಟ್ ಎಂಬುದು ನನ್ನ ನಂಬಿಕೆ.

ಈ ಭಾನುವಾರ ಟೆರೇಸ್ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಓವರ್‌ಫ್ಲೋ ಪೈಪಿಗಿಂತ ನಾಲ್ಕು ಬೆರಳು ಕೆಳಗೆ ಒಂದು ಗುರುತು ಹಾಕಿ. ನೀರು ನಿಲ್ಲಬೇಕಾದ ಮಟ್ಟ ಅದು. ನಿಮ್ಮ ಕೆಲಸ ಅಲ್ಲಿಂದಲೇ ಶುರುವಾಗಲಿ.