ಥಟ್ಟನೆ ಹೇಳುವುದು, ಕಟ್ಟಿ ಹೇಳುವುದು

ದೂರದರ್ಶನದ ಪ್ರಶ್ನೋತ್ತರದ ಆಟವೊಂದನ್ನು ಸಾಹಿತ್ಯ ಪುರವಣಿಯಲ್ಲಿ ವಿಮರ್ಶೆಗೆ ಎತ್ತಿಕೊಂಡರೆ ಹುಬ್ಬೇರಿಸುವವರಿದ್ದಾರೆ. ಕವನಸಂಗ್ರಹಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಂಗೀತ ಕಚೇರಿಗೂ ಉಂಟು. ಆಟಕ್ಕೇಕೆ ವಿಮರ್ಶೆ ಎಂದು ಅವರು ಕೇಳಬಹುದು. ಆದರೆ ನಮ್ಮ ಕವನಸಂಗ್ರಹಗಳ ಪೈಕಿ ಎಷ್ಟನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುತ್ತಾರೆ? ಭಾಷೆಯ ಬಗ್ಗೆ ಜನರಿಗೆ ದಿನದಿನವೂ ಒಂದು ಅಭಿಪ್ರಾಯವನ್ನು ಉಂಟುಮಾಡುತ್ತಿರುವ ವಸ್ತು ಯಾವುದೇ ಇರಲಿ, ಅದು ವಿಮರ್ಶೆಗೆ ಅರ್ಹವೇ ಸರಿ.

‘ಥಟ್ ಅಂತ ಹೇಳಿ’ ಅಂತಹ ವಸ್ತು. 2002ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ಈ ಕಾರ್ಯಕ್ರಮದ ಹೆಸರು ಕೇಳಿರದ ಮನೆ ಮೈಸೂರಿನಲ್ಲಿ ಅಪರೂಪ. ನಮ್ಮ ಚಾಮರಾಜಪುರಂನಲ್ಲಂತೂ ಅದನ್ನು ನೋಡುವುದಕ್ಕಿಂತ ಅದರೊಡನೆ ಸ್ಪರ್ಧಿಸುವುದೇ ಹೆಚ್ಚು. ಪರದೆಯ ಮೇಲಿನ ಮೂವರು ಇನ್ನೂ ಯೋಚಿಸುತ್ತಿರುವಾಗಲೇ ಅಡಿಗೆಮನೆಯಿಂದ ಉತ್ತರ ಬಂದಿರುತ್ತದೆ. ನಡೆಸಿಕೊಡುವ ಡಾ. ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ತಪ್ಪು ಹೇಳಿದವರನ್ನು ಹಂಗಿಸದೆ, ಸರಿ ಹೇಳಿದವರನ್ನು ಅಟ್ಟಕ್ಕೇರಿಸದೆ, ಉತ್ತರದ ಹಿಂದುಮುಂದನ್ನು ಎರಡು ಮಾತಿನಲ್ಲಿ ತಿಳಿಸಿ ಮುಂದಕ್ಕೆ ಹೋಗುವ ಅವರ ರೀತಿಯಲ್ಲಿ ಒಂದು ಸಂಯಮವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಗೆದ್ದವರಿಗೆ ಅಲ್ಲಿ ದೊರೆಯುವುದು ಪುಸ್ತಕ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದು ಸರಿಯುತ್ತರಕ್ಕೆ ಲಕ್ಷ ಲಕ್ಷ ಬೆಲೆ ಕಟ್ಟಿದಾಗಲೂ ಈ ಕಾರ್ಯಕ್ರಮ ತನ್ನ ಪುಸ್ತಕಗಳನ್ನು ಬಿಡಲಿಲ್ಲ. ಇದನ್ನು ಮೆಚ್ಚದವನು ಕೃಪಣ.

ಇಷ್ಟು ಹೇಳಿದ ಮೇಲೆ ಆಕ್ಷೇಪಣೆಯನ್ನು ಮುಂದಿಡಬಹುದು. ‘ಭಾರತ ಸಿಂಧು ರಶ್ಮಿ’ಯನ್ನು ಬರೆದವರು ಯಾರು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ವಿ. ಕೃ. ಗೋಕಾಕ್ ಎಂದು ಥಟ್ಟನೆ ಹೇಳಿಬಿಡಬಹುದು. ಸುಮಾರು 35,000 ಸಾಲುಗಳ ಆ ಮಹಾಕಾವ್ಯವನ್ನು ಮೊದಲಿಂದ ಕೊನೆಯವರೆಗೆ ಓದಿದವನಿಗೂ, ಅದರ ಬೆನ್ನನ್ನು ಮಾತ್ರ ಗ್ರಂಥಾಲಯದ ಬೀರುವಿನಲ್ಲಿ ಕಂಡವನಿಗೂ, ಅದನ್ನೂ ಕಾಣದೆ ಪರೀಕ್ಷೆಯ ಕೈಪಿಡಿಯಲ್ಲಿ ಒಂದು ಸಾಲು ಉರುಹಚ್ಚಿದವನಿಗೂ ಇಲ್ಲಿ ಸಮಾನ ಅಂಕ. ಓದಿದವನು ಒಂದು ಕ್ಷಣ ತಡೆದು ಯೋಚಿಸಿದನೋ, ಅವನೇ ಸೋತಾನು! ಪ್ರಶ್ನೋತ್ತರದ ಆಟವೆಲ್ಲ ಹೀಗೆಯೇ. ಯಾರೋ ಮಾಡಿಟ್ಟದ್ದನ್ನು ನೆನೆಯುವುದು ಅದರ ಧರ್ಮ. ನಮ್ಮ ಕಣ್ಣೆದುರಿಗೆ ಅಲ್ಲಿ ಏನೂ ಹುಟ್ಟುವುದಿಲ್ಲ. ಭಾಷೆಯ ಪ್ರಶ್ನೆ ಬಂದಾಗಲೂ ಕನ್ನಡವು ಒಂದು ಮಾಹಿತಿಯಾಗಿ ಬರುತ್ತದೆಯೇ ಹೊರತು ಕೈಯಲ್ಲಿ ಹಿಡಿದು ಆಡುವ ಸಾಮಗ್ರಿಯಾಗಿ ಬರುವುದಿಲ್ಲ.

ಬೇರೆ ಬಗೆಯ ಆಟ ಸಾಧ್ಯವೆಂಬುದಕ್ಕೆ ಹೊರದೇಶದ ಒಂದು ನಿದರ್ಶನ ಉಂಟು. ಫ್ರಾನ್ಸಿನ ದೂರದರ್ಶನದಲ್ಲಿ 1965ರಲ್ಲಿ ಆರ್ಮಾಂ ಜಾಮೊ ಎಂಬಾತ ‘ಅತಿ ಉದ್ದನೆಯ ಪದ’ ಎಂಬ ಅರ್ಥದ ಹೆಸರಿನ ಆಟವೊಂದನ್ನು ಹುಟ್ಟುಹಾಕಿದ. 1972ರಲ್ಲಿ ಅದಕ್ಕೆ ಲೆಕ್ಕದ ಭಾಗವೂ ಕೂಡಿ ‘ಅಂಕಿಗಳು, ಅಕ್ಷರಗಳು’ ಎಂಬಂಥ ಹೆಸರು ಬಂತು. ಇಂಗ್ಲೆಂಡಿನಲ್ಲಿ 1982ರ ನವೆಂಬರ್ 2ರಂದು ನಾಲ್ಕನೆಯ ವಾಹಿನಿ ಪ್ರಾರಂಭವಾದಾಗ ಮೊಟ್ಟಮೊದಲು ಪ್ರಸಾರವಾದದ್ದು ಇದರ ಇಂಗ್ಲಿಷ್ ರೂಪವಾದ ‘ಕೌಂಟ್‌ಡೌನ್’. ನಿಯಮ ಸರಳ: ಒಂಬತ್ತು ಅಕ್ಷರಗಳು, ಮೂವತ್ತು ಸೆಕೆಂಡು, ಇಬ್ಬರು ಸ್ಪರ್ಧಿಗಳು. ಯಾರ ಪದ ಉದ್ದವೋ ಅವರಿಗೆ ಅಂಕ. ಲೆಕ್ಕದಲ್ಲಿ ಆರು ಸಂಖ್ಯೆಗಳನ್ನು ಕೊಟ್ಟು ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿ ಮೂರಂಕಿಯ ಒಂದು ಮೊತ್ತವನ್ನು ಮುಟ್ಟಬೇಕು. ಉದಾಹರಣೆಗೆ 100, 25, 3, 6, 8, 9 ಇವುಗಳಿಂದ 846 ಬರಬೇಕೆನ್ನೋಣ. ನೂರಕ್ಕೆ ಆರು ಕೂಡಿಸಿ ಎಂಟರಿಂದ ಗುಣಿಸಿದರೆ 848. ಒಂಬತ್ತು ಮೂರಲೆ 27, ಅದರಲ್ಲಿ 25 ಕಳೆದರೆ ಎರಡು. 848ರಲ್ಲಿ ಆ ಎರಡು ಹೋದರೆ 846. ಇದು ಯಾವ ಪುಸ್ತಕದಲ್ಲಿಯೂ ಬರೆದಿಟ್ಟ ಉತ್ತರವಲ್ಲ. ಸ್ಪರ್ಧಿ ಅಲ್ಲಿಯೇ ಕಟ್ಟಿದ್ದು. ನೋಡುವವನು ಬೇರೆ ದಾರಿಯಿಂದಲೂ ಅಲ್ಲಿಗೆ ಬಂದಾನು.

ಅಂಕಿಗೆ ಭಾಷೆಯ ಕಟ್ಟಿಲ್ಲ. ಮಗ್ಗಿ ಬಂದವರೆಲ್ಲ ಆ ಭಾಗವನ್ನು ನಾಳೆಯೇ ಕನ್ನಡದಲ್ಲಿ ಆಡಬಹುದು. ತೊಡಕಿರುವುದು ಅಕ್ಷರದಲ್ಲಿ, ಸ್ವಾರಸ್ಯವಿರುವುದೂ ಅಲ್ಲಿಯೇ. ಸ್ವರ ಬೇಕೋ ವ್ಯಂಜನ ಬೇಕೋ ಎಂದು ಇಂಗ್ಲಿಷಿನ ಸ್ಪರ್ಧಿ ಆರಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಆ ಪ್ರಶ್ನೆಗೇ ಅರ್ಥವಿಲ್ಲ. ‘ಕಾ’ ಎಂಬುದು ಸ್ವರವೂ ಹೌದು, ವ್ಯಂಜನವೂ ಹೌದು. ನಮ್ಮ ಕಿವಿಗೆ ಅದು ಒಂದೇ ಅಕ್ಷರ. ಇಪ್ಪತ್ತಾರು ಅಕ್ಷರಗಳ ಚೀಲದಿಂದ ಅವರು ತೆಗೆದರೆ, ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳು ಹತ್ತಿದ 442 ಗುಣಿತಾಕ್ಷರಗಳ ಚೀಲದಿಂದ ನಾವು ತೆಗೆಯಬೇಕಾಗುತ್ತದೆ. ಒತ್ತಕ್ಷರಗಳ ಮಾತು ಬೇರೆ. ಪತ್ರಿಕೆಗಳ ಪದಬಂಧ ಈ ಕಷ್ಟವನ್ನು ಸದ್ದಿಲ್ಲದೆ ಬಿಡಿಸಿದೆ. ಒಂದು ಮನೆಗೆ ಒಂದು ಅಕ್ಷರ, ಅದಕ್ಕೆ ಕೊಂಬಿರಲಿ, ಒತ್ತಿರಲಿ. ಹಾಗೆ ಬಿಡಿಸಿದ್ದು ಸರಿ ಎಂದು ನನ್ನ ಅಭಿಪ್ರಾಯ. ‘ಅಮ್ಮ’ ಎಂಬುದು ನಮಗೆ ಎರಡಕ್ಷರದ ಮಾತು. ಅದನ್ನು ಒಡೆದು ನಾಲ್ಕು ಧ್ವನಿ ಮಾಡುವುದು ವ್ಯಾಕರಣದ ತರಗತಿಗೆ ಮಾತ್ರ ಹೊಂದುವ ಕೆಲಸ.

ಈ ವಾದ ಬರಿಯ ಕಾಗದದ ಮೇಲಿನದಾಗಬಾರದೆಂದು ಚಾಮರಾಜಪುರಂನ ಒಂದು ಜಗಲಿಯ ಮೇಲೆ ನಾವು ಐದಾರು ಮಂದಿ ಇದನ್ನು ಆಡಿ ನೋಡಿದೆವು. ಚೀಟಿ ಎತ್ತಿ ಬಂದ ಒಂಬತ್ತು ಅಕ್ಷರಗಳು ಇವು: ತ, ರ, ಕಾ, ಸ, ರಿ, ಗ, ಳು, ಮ, ನ. ಮನೆಯ ಹುಡುಗಿ, ಇಂಗ್ಲಿಷ್ ಶಾಲೆಯವಳು, ಮೊದಲು ‘ಮಗಳು’ ಎಂದಳು. ಆಕೆಯ ತಂದೆ ‘ನಗರ’, ‘ಸಮರ’ ಎಂದರು. ಅಜ್ಜಿ ‘ಸರಿಗಮ’ ಎಂದು ನಾಲ್ಕಕ್ಷರಕ್ಕೆ ಏರಿದರು. ಅದು ಒಂದು ಪದವೋ ನಾಲ್ಕು ಸ್ವರಗಳೋ ಎಂಬ ಚರ್ಚೆ ಆರಂಭವಾಗುವಷ್ಟರಲ್ಲಿ ನಿವೃತ್ತ ಮೇಷ್ಟರೊಬ್ಬರು ‘ತರಕಾರಿ’ ಎಂದು ನಿರ್ವಿವಾದವಾದ ನಾಲ್ಕನ್ನು ಮುಂದಿಟ್ಟರು. ಗಡಿಯಾರ ಮುಗಿಯುವ ವೇಳೆಗೆ ಹುಡುಗಿ ಕೂಗಿದಳು: ‘ತರಕಾರಿಗಳು!’ ಆರಕ್ಷರ.

ಮೂವತ್ತು ಸೆಕೆಂಡಿನ ಆಟಕ್ಕೆ ಅರ್ಧ ಗಂಟೆಯ ಜಗಳ ಬಂತು. ‘ಗಳು’ ಎಂಬುದು ಪ್ರತ್ಯಯ, ಪದವಲ್ಲ ಎಂದರು ಮೇಷ್ಟರು. “ಅಂಗಡಿ ಬೋರ್ಡಿನ ಮೇಲೆ ತರಕಾರಿಗಳು ಅಂತಲೇ ಬರೆದಿದಾರಲ್ಲ, ತಾತ?” ಎಂದಳು ಹುಡುಗಿ. “ಬೋರ್ಡು ಬರೆದವನು ನಿಘಂಟು ಬರೆದವನಲ್ಲಮ್ಮ,” ಎಂದರು ಅವರು. ಆ ಮನೆಯ ಅಳಿಯಂದಿರು ಧಾರವಾಡದವರು. ತರಕಾರಿ ಎಂಬ ಮಾತೇ ಮೈಸೂರಿನದು, ನಮ್ಮಲ್ಲಿ ಅದು ಕಾಯಿಪಲ್ಯ ಎಂದು ಅವರು ಮೂರನೆಯ ಪಕ್ಷವೊಂದನ್ನು ಎಬ್ಬಿಸಿದರು.

ನಗುವ ಮಾತಾಯಿತು, ನಿಜ. ಆದರೆ ಕನ್ನಡದಲ್ಲಿ ಪದವೆಂದರೆ ಏನು ಎಂಬ ಪ್ರಶ್ನೆಯನ್ನು ಒಂದು ಸಂಜೆಯ ಆಟ ಹೀಗೆ ಜಗಲಿಗೆ ತಂದಿತಲ್ಲ! ಎಷ್ಟು ಸಾವಿರ ರಸಪ್ರಶ್ನೆಗಳು ಇದನ್ನು ಮಾಡಿವೆ? ಇಂಗ್ಲಿಷಿನಲ್ಲಿ ಬಹುವಚನ ಮಾಡಿದರೆ ಒಂದಕ್ಷರವೋ ಎರಡೋ ಹೆಚ್ಚುತ್ತದೆ. ಅದನ್ನು ಅವರು ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ನಾಮಪದವೆಂಬುದು ರೈಲಿನ ಎಂಜಿನ್ನು. ‘ಮನೆ’ಯ ಹಿಂದೆ ಡಬ್ಬಿಗಳನ್ನು ಜೋಡಿಸುತ್ತ ‘ಮನೆಗಳಲ್ಲಿಯೂ’, ‘ಮನೆಯವರಿಗಿಂತಲೂ’ ಎಂದು ಹೋದರೆ ನಮ್ಮ ಚಾಮರಾಜಪುರಂ ನಿಲ್ದಾಣದ ಪ್ಲಾಟ್‌ಫಾರಂ ಸಾಲದು. ಎಲ್ಲಕ್ಕೂ ಅವಕಾಶ ಕೊಟ್ಟರೆ ಆಟ ಪ್ರತ್ಯಯ ಜೋಡಿಸುವ ಕಸರತ್ತಾಗುತ್ತದೆ. ಏನಕ್ಕೂ ಕೊಡದಿದ್ದರೆ, ಬಾಯಲ್ಲಿ ಜೀವಂತವಾಗಿರುವ ರೂಪಗಳೆಲ್ಲ ಹೊರಗುಳಿದು ಪ್ರಕೃತಿಗಳ ಅಸ್ಥಿಪಂಜರ ಮಾತ್ರ ಒಳಗೆ ಬರುತ್ತದೆ. ನಿಘಂಟಿನಲ್ಲಿ ಮೂಲರೂಪವಾಗಿ ನಿಂತಿರುವ ಪದಕ್ಕೆ ಪೂರ್ಣ ಅಂಕ, ಪ್ರತ್ಯಯ ಹತ್ತಿದ ರೂಪಕ್ಕೆ ಮೂಲಪದದಷ್ಟೇ ಅಂಕ ಎಂದು ನಾನು ತೀರ್ಪು ಕೊಟ್ಟೆ. ಹುಡುಗಿ ಒಪ್ಪಲಿಲ್ಲ.

ಇಂಥ ಆಟಕ್ಕೆ ಬೇಕಾಗುವುದು ಪ್ರಶ್ನೆ ಕೇಳುವವನಿಗಿಂತ ಹೆಚ್ಚಾಗಿ ತೀರ್ಪು ಕೊಡುವವನು. ಇಂಗ್ಲಿಷರ ಆಟದಲ್ಲಿ ನಿಘಂಟಿನ ಮೂಲೆ ಎಂಬುದೊಂದು ಜಾಗವೇ ಇದೆ. 1992ರಿಂದ ಸೂಸಿ ಡೆಂಟ್ ಎಂಬಾಕೆ ಅಲ್ಲಿ ಕುಳಿತು ಪದಗಳ ಹುಟ್ಟುಬೆಳವಣಿಗೆಯನ್ನು ಹೇಳುತ್ತ ಬಂದಿದ್ದಾರೆ. ಆ ಸ್ಥಾನಕ್ಕೆ ಹೇಳಿ ಮಾಡಿಸಿದಂಥವರು ನಮ್ಮಲ್ಲಿ ಇದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದವರು. ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಸಾಮಾನ್ಯ ಓದುಗರ ಪದಸಂದೇಹಗಳಿಗೆ ಮನೆಯ ಹಿರಿಯರಂತೆ ಉತ್ತರ ಕೊಟ್ಟವರು. 2021ರಲ್ಲಿ ನೂರ ಏಳರ ವಯಸ್ಸಿನಲ್ಲಿ ತೀರಿಕೊಂಡರು. ಜಗಲಿಯ ಜಗಳವನ್ನು ಅವರ ಮುಂದಿಟ್ಟಿದ್ದರೆ ತರಕಾರಿ, ಕಾಯಿಪಲ್ಯ ಎರಡಕ್ಕೂ ಗೌರವದ ಎಡೆ ದೊರೆಯುತ್ತಿತ್ತು.

ಪರದೇಶದ ಆಟವನ್ನು ಹೊಗಳಿ ನಮ್ಮದನ್ನು ಮರೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕಟ್ಟಿ ಹೇಳುವ ಆಟದಲ್ಲಿ ನಾವು ಹಳಬರು. ಕವಿರಾಜಮಾರ್ಗದ ಕಾಲಕ್ಕೇ ಚಿತ್ರಕಾವ್ಯದ ಚರ್ಚೆ ಕನ್ನಡದಲ್ಲಿ ನಡೆದಿತ್ತು. ಚದುರಂಗದ ಕುದುರೆಯ ನಡೆಗೆ ಅಕ್ಷರಗಳನ್ನು ಕೂರಿಸಿ ಪದ್ಯ ಹೊಸೆಯುವ ತುರಗಬಂಧ ಆ ಜಾತಿಯದು. ನಮ್ಮ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಕುದುರೆ ನಡೆ, ಅಂಕಿಯ ಮನೆಗಳೆಂದರೆ ವಿಶೇಷ ಆಸಕ್ತಿ. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಚಾಮರಾಜಪುರಂನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳಿವೆ. ಪ್ರವಾಸಿಗಳು ರವಿವರ್ಮನನ್ನು ನೋಡಲು ಆತುರಪಟ್ಟು ಅವುಗಳ ಮುಂದೆ ನಿಲ್ಲುವುದಿಲ್ಲ.

ಇನ್ನು ಅವಧಾನ. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತಿರುತ್ತಾರೆ. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದಕ್ಷರ ನುಡಿದೊಡನೆ ಪೃಚ್ಛಕ ಮುಂದಿನ ಪದವನ್ನು ಊಹಿಸಿ, ಅದಕ್ಕೆ ಬೇಕಾದ ಅಕ್ಷರವನ್ನೇ ಬಾರದೆಂದು ತಡೆಯುತ್ತಾನೆ. ಬಾಗಿಲು ಮುಚ್ಚಿದರೆ ಕಿಟಕಿ, ಕಿಟಕಿ ಮುಚ್ಚಿದರೆ ಬೆಳಕಿಂಡಿ. ಛಂದಸ್ಸು ಕೆಡದಂತೆ, ಅರ್ಥ ಕೆಡದಂತೆ ಪದ್ಯ ಹೊರಕ್ಕೆ ಬರಬೇಕು. ಸಂಖ್ಯಾಬಂಧದಲ್ಲಿ ಅತ್ತಲಿಂದ ಕೂಡಿದರೂ ಇತ್ತಲಿಂದ ಕೂಡಿದರೂ ಕೊಟ್ಟ ಮೊತ್ತವೇ ಬರುವಂತೆ ಮನೆಗಳನ್ನು ತುಂಬಿಸಬೇಕು, ಅದೂ ನಡುನಡುವೆ ಬೇಕಾದ ಮನೆಯನ್ನು ಕೇಳಿದಾಗ. ಇಷ್ಟು ಸಾಲದೆಂಬಂತೆ ಅಪ್ರಸ್ತುತ ಪ್ರಸಂಗದ ಪೃಚ್ಛಕ ಕಾಫಿ, ಕ್ರಿಕೆಟ್ಟು, ಮದುವೆ ಎಂದು ತೋಚಿದ್ದನ್ನು ಕೇಳಿ ಗಮನ ಕೆಡಿಸುತ್ತಿರುತ್ತಾನೆ. (ಇಂದಿನ ಖಾಸಗಿ ವಾಹಿನಿಗಳ ನಿರೂಪಕರಿಗೆ ಈ ಒಂದು ಪಾತ್ರವನ್ನು ಅಭ್ಯಾಸವಿಲ್ಲದೆ ಕೊಡಬಹುದು.) ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಪೂರ್ತಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು. ಅಕ್ಷರ ಮತ್ತು ಅಂಕಿಯ ಆಟ ಮುಟ್ಟಬಹುದಾದ ಎತ್ತರ ಅದು.

ಎತ್ತರವೇ ಅದರ ಮಿತಿಯೂ ಹೌದೆನ್ನಬೇಕು. ಅವಧಾನದಲ್ಲಿ ಆಡುವವನು ಒಬ್ಬ, ಪೃಚ್ಛಕರು ಕೆಲವರು, ಉಳಿದವರೆಲ್ಲ ತಲೆದೂಗುವವರು. ಕಂದಪದ್ಯದ ಮಾತ್ರೆ ಎಣಿಸಲು ಬಾರದವನಿಗೆ ಅದರ ಅರ್ಧ ರುಚಿ ದಕ್ಕದು. ‘ಥಟ್ ಅಂತ ಹೇಳಿ’ಯ ಹಿರಿಮೆ ಇದಕ್ಕೆ ವಿರುದ್ಧವಾದದ್ದು. ಯಾವ ಊರಿನ ಯಾವ ಗುಮಾಸ್ತೆಯೂ, ಗೃಹಿಣಿಯೂ ಅಲ್ಲಿ ಹೋಗಿ ಕುಳಿತುಕೊಳ್ಳಬಹುದು. ಒಂದಕ್ಕೆ ಸೃಷ್ಟಿಯುಂಟು, ಎಲ್ಲರಿಗೂ ಪ್ರವೇಶವಿಲ್ಲ. ಇನ್ನೊಂದಕ್ಕೆ ಪ್ರವೇಶವುಂಟು, ಸೃಷ್ಟಿಯಿಲ್ಲ. ಒಂಬತ್ತಕ್ಷರದ ಆಟ ಈ ಎರಡರ ನಡುವಿನ ಮೆಟ್ಟಿಲಾಗಬಲ್ಲದು. ಅದಕ್ಕೆ ಛಂದಸ್ಸು ಬೇಡ, ಕೈಪಿಡಿಯ ಉರುವೂ ಬೇಡ. ಮನೆಯಲ್ಲಿ ಆಡಿದ ಕನ್ನಡ ಇದ್ದರೆ ಸಾಕು. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಾವು ದೂರುತ್ತೇವೆ. ನಮ್ಮ ಜಗಲಿಯ ಹುಡುಗಿ ಗೋಕಾಕರ ಹೆಸರು ಹೇಳಲಾರಳು, ಆದರೆ ಆರಕ್ಷರ ಕಂಡವಳು ಅವಳೊಬ್ಬಳೇ.

ವಾಹಿನಿಯವರು ಒಂದು ಅಡ್ಡಿ ಹೇಳಬಹುದು. ಮೂವತ್ತು ಸೆಕೆಂಡು ಪರದೆಯ ಮೇಲೆ ಇಬ್ಬರು ಸುಮ್ಮನೆ ಯೋಚಿಸುತ್ತಿದ್ದರೆ ಯಾರು ನೋಡುತ್ತಾರೆ? ಇಂಗ್ಲೆಂಡಿನಲ್ಲಿ ಅದನ್ನು ನಲವತ್ತಕ್ಕೂ ಹೆಚ್ಚು ವರ್ಷ ನೋಡಿದ್ದಾರೆ. ಆ ಮೂವತ್ತು ಸೆಕೆಂಡು ನೋಡುವವನೂ ಯೋಚಿಸುತ್ತಿರುತ್ತಾನೆ, ಆದುದರಿಂದ ಅವನಿಗೆ ಬೇಸರವಾಗುವುದಿಲ್ಲ. ಜಗಲಿಯ ಮೇಲೆ ಆ ಹೊತ್ತಿನಲ್ಲಿ ಮಾತಿರಲಿಲ್ಲ. ನಿಲ್ದಾಣದಲ್ಲಿ ನಂಜನಗೂಡಿನ ಕಡೆಯ ಗಾಡಿ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

‘ಗಳು’ವನ್ನು ಕೈಬಿಟ್ಟರೆ ಆ ಒಂಬತ್ತು ಅಕ್ಷರಗಳಲ್ಲಿ ನಾಲ್ಕಕ್ಕಿಂತ ದೊಡ್ಡ ಪದ ನಮಗಾರಿಗೂ ಇದುವರೆಗೆ ದೊರೆತಿಲ್ಲ. ಮೇಷ್ಟರು ಆ ಚೀಟಿಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು.