ಕವಿಯ ಹೆಸರೂ ಕೃತಿಯ ಪ್ರಾಮಾಣ್ಯವೂ

ಕರ್ತೃವು ತನ್ನ ನಿಜನಾಮವನ್ನು ಮರೆಮಾಡಿದ ಕೃತಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ವಿಚಾರಕ್ಕೆ ಕನ್ನಡದಲ್ಲಿ ಮುದ್ದಣನಿಗಿಂತ ಮಿಗಿಲಾದ ನಿದರ್ಶನವು ದೊರೆಯದು. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು, 1901ರಲ್ಲಿ ಕ್ಷಯರೋಗಕ್ಕೆ ತುತ್ತಾದ ಲಕ್ಷ್ಮೀನಾರಣಪ್ಪನು, ‘ಅದ್ಭುತರಾಮಾಯಣ’ ‘ಶ್ರೀರಾಮಾಶ್ವಮೇಧ’ ಮೊದಲಾದ ಗ್ರಂಥಗಳನ್ನು ತನ್ನವೆನ್ನದೆ, ಪೂರ್ವಕವಿಯ ಕೃತಿಗಳೆಂಬಂತೆ ಮೈಸೂರಿನಲ್ಲಿ ಪ್ರಕಟವಾಗಲು ಕಳುಹಿಸಿದನು. ‘ಮುದ್ದಣ’ನು ಯಾರೆಂಬುದು ನಿಶ್ಚಿತವಾದುದು ಕವಿಯು ಕಾಲವಾದ ಮೇಲೆಯೇ.

ಇದನ್ನು ವಂಚನೆಯೆನ್ನೋಣವೇ? ಕೃತಿಚೌರ್ಯದಲ್ಲಿ ಪರರ ಮಾತು ತನ್ನದಾಗುತ್ತದೆ. ಇಲ್ಲಿಯಾದರೋ ತನ್ನ ಮಾತು ಪರರದಾಗಿದೆ. ಹಳೆಯ ಕಾವ್ಯಗಳ ಶೋಧನೆ ಹಾಗೂ ಮುದ್ರಣಗಳಲ್ಲಿ ವಿದ್ವಾಂಸರು ನಿರತರಾಗಿದ್ದ ಆ ಕಾಲದಲ್ಲಿ, ಹಳಗನ್ನಡದಲ್ಲಿ ಬರೆದ ಅಪ್ರಸಿದ್ಧ ಉಪಾಧ್ಯಾಯನಿಗೆ ಪ್ರಾಚೀನತೆಯ ಮರೆಯೊಂದೇ ಮನ್ನಣೆಯ ದಾರಿಯಾಗಿ ತೋರಿರಬೇಕು. ಆದರೂ ದೋಷವು ದೋಷವೇ. ಆ ಮರೆಯು ಸರಿಯದೆ ಉಳಿದಿದ್ದಲ್ಲಿ, ಹತ್ತೊಂಬತ್ತನೆಯ ಶತಮಾನದ ಗದ್ಯವು ಹಿಂದಣ ಯಾವುದೋ ಶತಮಾನಕ್ಕೆ ಸಂದು, ಭಾಷೆಯ ಚರಿತ್ರೆಯೇ ತಪ್ಪುತ್ತಿತ್ತು.

ಹೆಸರು ಅಡಗಿದರೂ ಕೃತಿಯು ತನ್ನ ಕಾಲವನ್ನು ತಾನೇ ನುಡಿಯುತ್ತದೆ. ಮಡದಿಯನ್ನು ಸಂಬೋಧಿಸಿ ಗ್ರಂಥರಚನೆ ಮಾಡುವುದು ನಾಗವರ್ಮನ ‘ಛಂದೋಂಬುಧಿ’ಯಲ್ಲಿಯೂ ಇದೆ, ಆದುದರಿಂದ ಅದೊಂದೇ ನವೀನತೆಗೆ ಸಾಕ್ಷಿಯಾಗದು. ಆದರೆ ‘ಶ್ರೀರಾಮಾಶ್ವಮೇಧ’ದ ಮನೋರಮೆಯು ಬರಿಯ ಕೇಳುಗಳಲ್ಲ. ಪದ್ಯವನ್ನೊಲ್ಲದೆ ಗದ್ಯವನ್ನೇ ಬೇಡುವಳು, ಸಂಸ್ಕೃತದ ಬಿಗಿಯನ್ನು ಆಕ್ಷೇಪಿಸುವಳು, ಪತಿಯನ್ನು ಪರಿಹಾಸ ಮಾಡುವಳು. ಈ ಸರಸ ಸಲ್ಲಾಪದ ಹದವು ಪಂಪರನ್ನರ ಕಾಲದ್ದಲ್ಲ. ಓದುಗನ ಇಷ್ಟಾನಿಷ್ಟಗಳನ್ನು ಬಲ್ಲ ಹೊಸಗಾಲದ್ದು. ಉಡಿಗೆಯು ಹಳತು, ಉಸಿರು ಹೊಸತು.

ಹೀಗಿರಲು ಹೆಸರಿನಿಂದ ಏನು ಪ್ರಯೋಜನವೆಂದು ಕೇಳಬಹುದು. ಕೃತಿಯ ಸೊಗಸಿಗೆ ಹೆಸರು ಬೇಡ. ಮುದ್ದಣನ ಗದ್ಯವು ಅಂದೂ ಇಂದೂ ಒಂದೇ ರೀತಿಯಲ್ಲಿ ಸೊಗಸುತ್ತದೆ. ಆದರೆ ಕಾಲ, ದೇಶ, ಮೂಲ ಮುಂತಾದ ಸಂಗತಿಗಳಿಗೆ ಉತ್ತರ ಹೇಳುವವನೊಬ್ಬನು ಬೇಕು. ಹೆಸರೆಂದರೆ ಆ ಹೊಣೆ. ಅಂಕಿತವನ್ನು ಕಂಡೊಡನೆ ನಂಬುವುದೂ, ಅಂಕಿತವಿಲ್ಲವೆಂದು ತಳ್ಳುವುದೂ ವಿಮರ್ಶೆಯಲ್ಲ. ಈ ಎಚ್ಚರವನ್ನು ನಮಗೆ ಕಲಿಸಿದ ಕವಿಯು ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ತನಗೆ ಸಲ್ಲಬೇಕಾಗಿದ್ದ ಕೀರ್ತಿಯನ್ನು ತಾನೇ ಕಲ್ಪಿಸಿದ ಪೂರ್ವಕವಿಗೆ ಬಿಟ್ಟುಕೊಟ್ಟು ಹೋದನು.